ಆರಿದ್ರಾ ಮಳೆಗೆ ಲೆಕ್ಕ ಹಾಕಿ ಕಟ್ಟುವ ಹೈಡ್ರೋಪೋನಿಕ್ಸ್ ಮನೆ: ಚಿಕ್ಕಮಗಳೂರು, ಹಾಸನದವರಿಗೆ

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಹಾಸನ ಸಾವಿರ ಮೀಟರಿನ ಆಸುಪಾಸು. ಲೆಟ್ಯೂಸ್, ಪಾಕ್ ಚೋಯ್, ಕೇಲ್, ಪಾರ್ಸ್ಲಿ, ಸೆಲರಿಯಂಥ ಸೊಪ್ಪುಗಳಿಗೆ ಇದಕ್ಕಿಂತ ಒಳ್ಳೆಯ ಹವೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಬಿಸಿಲುನಾಡಿನಲ್ಲಿ ಪ್ಯಾಡ್, ಫ್ಯಾನ್ ಹಾಕಿ ತಂಪು ಮಾಡುವ ಖರ್ಚು ಇಲ್ಲಿ ಇಲ್ಲ. ಹಿಮ ಬೀಳುವ ದೇಶಗಳಲ್ಲಿ ಗ್ರೀನ್‌ಹೌಸ್ ಬೆಚ್ಚಗಿಡಲು ಸುಡುವ ಗ್ಯಾಸಿನ ಖರ್ಚೂ ಇಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಹನ್ನೆರಡು, ಹದಿನಾಲ್ಕು ಡಿಗ್ರಿಗೆ ಇಳಿದರೂ ಲೆಟ್ಯೂಸ್ ಸಾಯುವುದಿಲ್ಲ, ನಾಲ್ಕೈದು ದಿನ ತಡವಾಗುತ್ತದೆ, ಅಷ್ಟೇ.

ಹಾಗಾಗಿ ಇಲ್ಲಿ ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಗೊಬ್ಬರ ಕರಗಿಸಿದ ನೀರಿನಲ್ಲೇ ಬೆಳೆಯುವ ಪದ್ಧತಿ, ಹಾಕುವವರು ಹೆದರಬೇಕಾದದ್ದು ಚಳಿಗಲ್ಲ. ಆರಿದ್ರಾ ಹಿಡಿದಲ್ಲಿಂದ ಮಖೆ ಮುಗಿಯುವ ತನಕ, ಅಂದರೆ ಜೂನ್ ಕೊನೆಯ ವಾರದಿಂದ ಆಗಸ್ಟ್ ಅಂತ್ಯದವರೆಗೆ, ಮೂರು ತೊಂದರೆ ಒಟ್ಟಿಗೆ ಬರುತ್ತವೆ: ಬೆಳಕು ಸಾಲದು, ಗಾಳಿಯಲ್ಲಿ ತೇವ ಇಳಿಯದು, ಕರೆಂಟ್ ಪದೇಪದೇ ಹೋಗುತ್ತದೆ. ಸೊಪ್ಪು ಬೆಳೆಯುವ ಪಾಲಿಥಿನ್ ಮನೆಯ ಅಳತೆ, ಪಂಪಿನ ಅಳತೆ, ಗಿರಾಕಿಗೆ ಕೊಡುವ ಮಾತು, ಎಲ್ಲವನ್ನೂ ಈ ಹತ್ತು ವಾರಕ್ಕೆ ಹೊಂದಿಸಿ ತೀರ್ಮಾನಿಸಿ. ಫೆಬ್ರವರಿಯ ಬೆಳೆ ನೋಡಿ ಹಾಕಿದ ಲೆಕ್ಕ ಜುಲೈಯಲ್ಲಿ ತಪ್ಪುತ್ತದೆ.

ತಾರಸಿಯೋ, ನೆಲವೋ

ಪಟ್ಟಣದೊಳಗೆ ಜಾಗ ಎಂದರೆ ಮೊದಲು ನೆನಪಾಗುವುದು ತಾರಸಿ. ಜನ ಓಡಾಡುವ ತಾರಸಿಗೆ ಐಎಸ್ 875 ಮಾನದಂಡ ಹಿಡಿಯುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ನೀರು ಒಂದು ಅಡಿ ಆಳ ನಿಂತರೆ ಚದರ ಮೀಟರಿಗೆ 300 ಕೆ.ಜಿ. ಆಗುತ್ತದೆ. ಆದ್ದರಿಂದ ಥರ್ಮೋಕೋಲ್ ಹಲಗೆ ತೇಲಿಸಿ ಬೆಳೆಯುವ ತೊಟ್ಟಿ ಪದ್ಧತಿಯನ್ನು ತಾರಸಿಯ ಮೇಲೆ ಮಾಡಲೇಬೇಡಿ. ಕೊಳವೆಯಲ್ಲಿ ತೆಳ್ಳಗೆ ನೀರು ಹರಿಸುವ ಎನ್‌ಎಫ್‌ಟಿ ಪದ್ಧತಿ ಹಗುರ. ಸ್ಟ್ಯಾಂಡ್, ಗಿಡ, ನೀರು ಸೇರಿದರೂ ತಾರಸಿ ತಾಳುತ್ತದೆ. ಆದರೆ ಸಾವಿರ ಲೀಟರಿನ ಟ್ಯಾಂಕ್ ಒಂದೇ ಕಡೆ ಒಂದು ಟನ್ ಭಾರ ಕೂರಿಸುತ್ತದೆ. ಅದನ್ನು ಕಂಬ, ಬೀಮು ಕೂಡುವ ಜಾಗದ ಮೇಲೆ ಇಡಿ, ಇಲ್ಲವೇ ಕೆಳಗೆ ನೆಲದಲ್ಲೇ ಇಟ್ಟು ನೀರು ಮೇಲೇರಿಸಿ. ಮನೆ ಕಟ್ಟಿದ ಎಂಜಿನಿಯರ್ ಸಿಕ್ಕರೆ ಅವರಿಗೇ ತೋರಿಸಿ ಕೇಳಿ. ತಾರಸಿಗೆ ಬೋಲ್ಟ್ ಕೊರೆದರೆ ಮಲೆನಾಡಿನ ಮಳೆಗೆ ಮೊದಲ ವರ್ಷವೇ ಕೆಳಗಿನ ಕೋಣೆ ಸೋರುತ್ತದೆ. ಕಂಬದ ತಲೆಯ ಮೇಲೆ ಕಾಂಕ್ರೀಟ್ ಪೀಠ ಎರೆದು ಅದಕ್ಕೆ ಪೈಪು ಕೂರಿಸುವುದು ಸರಿಯಾದ ಕ್ರಮ.

ನೆಲ ಇದ್ದರೆ ನೆಲವೇ ಮೇಲು. ಟ್ಯಾಂಕನ್ನು ಮಣ್ಣಿನಲ್ಲಿ ಹುಗಿಯಬಹುದು. ಏಪ್ರಿಲ್‌ನಲ್ಲಿ ನೀರು ಕಾಯುವುದಿಲ್ಲ, ಜನವರಿಯಲ್ಲಿ ಕೊರೆಯುವುದಿಲ್ಲ. ಜಾಗ ನೋಡುವಾಗ ಮೊದಲು ಮರ ನೋಡಿ. ಸಿಲ್ವರ್ ಓಕ್ ನೆರಳು ಬೆಳಗ್ಗೆ ಒಂಬತ್ತರ ಮೇಲೂ ಉಳಿಯುವ ಜಾಗ ಬೇಡ. ಬಿದ್ದರೆ ಮನೆಗೆ ತಗಲುವಷ್ಟು ಹತ್ತಿರ ಯಾವ ಮರವೂ ಇರಬಾರದು. ಪಟ್ಟಣದಲ್ಲಿ ಮಂಗಗಳ ಕಾಟವನ್ನೂ ವಿಚಾರಿಸಿ. ಹೊಸ ಪಾಲಿಥಿನ್ ಮೇಲೆ ಒಂದು ಗುಂಪು ಹಾದುಹೋದರೆ ಮರುದಿನ ತೂತುಗಳಿಗೆ ಟೇಪ್ ಅಂಟಿಸುತ್ತ ಕೂರಬೇಕಾಗುತ್ತದೆ. ಮಂಗ ಬರುವ ಬೀದಿಯಾದರೆ ಮಾಡಿನ ಮೇಲೆ ಅರ್ಧ ಅಡಿ ಎತ್ತರಕ್ಕೆ ದೊಡ್ಡ ಕಣ್ಣಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ. ಅದರಿಂದ ಬೆಳಕು ತುಸು ಕಡಿಮೆಯಾದರೂ ಹೊದಿಕೆ ಉಳಿಯುತ್ತದೆ.

ಮನೆ

ಮೊದಲ ಮನೆಗೆ 8 ಮೀಟರ್ ಅಗಲ, 15 ಮೀಟರ್ ಉದ್ದ ಸಾಕು. 120 ಚದರ ಮೀಟರ್, ಸುಮಾರು 1,300 ಚದರಡಿ. ಒಬ್ಬರು ದಿನಕ್ಕೆ ನಾಲ್ಕೈದು ಗಂಟೆ ಕೊಟ್ಟರೆ ನಿಭಾಯಿಸಬಹುದು. ಉದ್ದದ ದಿಕ್ಕು ಉತ್ತರ-ದಕ್ಷಿಣ ಇರಲಿ, ಆಗ ಪೈಪುಗಳ ನೆರಳು ಒಂದೇ ಗಿಡದ ಮೇಲೆ ದಿನವಿಡೀ ಕೂರದೆ ಸರಿಯುತ್ತದೆ. ಜಿಐ ಪೈಪಿನ ಹಂದರ, ಬದಿಯಲ್ಲಿ 4 ಮೀಟರ್ ಎತ್ತರ, ಮೇಲೆ 200 ಮೈಕ್ರಾನಿನ ಯುವಿ ಪಾಲಿಥಿನ್. ಹನಿ ಉದುರಿಸದ, ಅಂದರೆ ಆಂಟಿಡ್ರಿಪ್ ಗುಣವಿರುವ ಶೀಟನ್ನೇ ಕೇಳಿ ತನ್ನಿ. ಇಲ್ಲಿನ ಬೆಳಗಿನ ಇಬ್ಬನಿಗೆ ಸಾಮಾನ್ಯ ಶೀಟು ಒಳಗಿನಿಂದ ಬೆವರಿ ಗಿಡದ ನಡುವಿಗೇ ತೊಟ್ಟಿಕ್ಕುತ್ತದೆ. ರೋಗ ಹತ್ತುವುದು ಆ ಹನಿ ಬಿದ್ದ ಕಡೆಯಿಂದ.

ಮಾಡಿನ ಕಿಂಡಿ ಪೂರ್ವಕ್ಕೆ ತೆರೆದಿರಬೇಕು. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ನುಗ್ಗುತ್ತದೆ. ಕಿಂಡಿ ಆ ಕಡೆಗಿದ್ದರೆ ಮಳೆ ಒಳಗೇ ಬರುತ್ತದೆ, ಗಾಳಿ ಒಳಹೊಕ್ಕು ಶೀಟನ್ನು ಕೆಳಗಿನಿಂದ ಎತ್ತುತ್ತದೆ. ಬದಿಗಳಿಗೆ 40 ಮೆಶ್ ಬಲೆ, ಅದರ ಹೊರಗೆ ಸುತ್ತಿ ಮೇಲೆತ್ತುವ ಪರದೆ. ಬಯಲುಸೀಮೆಯ ನಕ್ಷೆ ನೋಡಿ ಮಾಡಿನ ಕೆಳಗೆ ಖಾಯಂ ಆಗಿ ಹಸಿರು ನೆರಳುಬಲೆ ಕಟ್ಟಿಬಿಡುವುದು ಇಲ್ಲಿ ತೀರ ಸಾಮಾನ್ಯವಾದ ತಪ್ಪು. ನೆರಳು ಬೇಕಾಗುವುದು ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಹನ್ನೊಂದರಿಂದ ಮೂರು, ಮತ್ತೆ ಮಳೆ ಬಿಟ್ಟು ಹೊಳವಾದ ಮೊದಲ ಎರಡು ದಿನ. ಉಳಿದಂತೆ ಅದನ್ನು ಸರಿಸಿಡಲು ಬರಬೇಕು. ಶೇ. 35ರಷ್ಟು ಬೆಳಕು ತಡೆಯುವ ಬಲೆಗೆ ಉಂಗುರ ಹಾಕಿ ತಂತಿಯ ಮೇಲೆ ಓಡುವಂತೆ ಮಾಡಿ.

ಮಲೆನಾಡಿನಲ್ಲಿ ಶೀಟಿನ ಮೇಲೆ ಪಾಚಿ ಕಟ್ಟುವುದು ತಪ್ಪಿದ್ದಲ್ಲ. ಮೇ ಕೊನೆಗೊಮ್ಮೆ, ಜುಲೈಯಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ, ಉದ್ದ ಕೋಲಿನ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಇರುವುದೇ ಅಷ್ಟು ಬೆಳಕು, ಅದರಲ್ಲಿ ಪಾಚಿಗೆ ಪಾಲು ಕೊಡುವುದು ಬೇಡ.

ಕೊಳವೆಯ ಲೆಕ್ಕ

ಒಂದು ಮೇಜಿಗೆ ಆರು ಚಾನೆಲ್, ಅಂದರೆ ಗಿಡ ಕೂರುವ, ನೀರು ಹರಿಯುವ ಕೊಳವೆ. ಚಾನೆಲಿನ ಉದ್ದ 6 ಮೀಟರ್, ಅಗಲ 10 ಸೆಂ.ಮೀ., ಎತ್ತರ 5 ಸೆಂ.ಮೀ., ತಳ ಚಪ್ಪಟೆ. ಗುಂಡಗಿನ ಪಿವಿಸಿ ಪೈಪು ಅಗ್ಗ, ಆದರೆ ಅದರಲ್ಲಿ ನೀರು ನಡುವಿನ ಗೆರೆಯಲ್ಲಷ್ಟೇ ಹರಿದು ಎಳೆಗಿಡದ ಬೇರಿಗೆ ತಾಗುವುದಿಲ್ಲ. ತೂತಿನಿಂದ ತೂತಿಗೆ 20 ಸೆಂ.ಮೀ., ಹಾಗಾಗಿ ಒಂದು ಚಾನೆಲಿಗೆ 30 ಗಿಡ. ಮೇಜುಗಳ ನಡುವೆ 60 ಸೆಂ.ಮೀ. ದಾರಿ ಬಿಟ್ಟರೆ 15 ಮೀಟರ್ ಉದ್ದದಲ್ಲಿ ಎಂಟು ಮೇಜು ಕೂರುತ್ತವೆ. 48 ಚಾನೆಲ್, 1,440 ಗಿಡ.

ಇಳಿಜಾರು ಐವತ್ತಕ್ಕೆ ಒಂದು. ಆರು ಮೀಟರಿಗೆ 12 ಸೆಂ.ಮೀ.: ಮೇಲ್ತುದಿ ನೆಲದಿಂದ 90 ಇದ್ದರೆ ಕೆಳತುದಿ 78. ಗಾರೆಯವರು ಬಳಸುವ ನೀರಿನ ಲೆವೆಲ್ ಪೈಪಿನಿಂದ ಅಳೆಯಿರಿ, ಕಣ್ಣಳತೆ ನಂಬಬೇಡಿ. ಪ್ರತಿ ಮೀಟರಿಗೊಂದು ಆಧಾರ ಬೇಕು. ಎರಡು ಮೀಟರಿಗೊಂದು ಕೊಟ್ಟರೆ ಗಿಡ ಬಲಿತಾಗ ಚಾನೆಲ್ ನಡುವೆ ಬಾಗಿ ನೀರು ನಿಲ್ಲುತ್ತದೆ. ಒಂದು ಸಾಲಿನಲ್ಲಿ ಮೂರನೆಯ, ನಾಲ್ಕನೆಯ ಗಿಡಗಳೇ ಪದೇಪದೇ ಬಾಡಿದರೆ ಗೊಬ್ಬರವನ್ನು ಅನುಮಾನಿಸುವ ಮೊದಲು ಅಲ್ಲಿ ಒಂದು ಲೋಟ ನೀರು ಸುರಿದು ನೋಡಿ. ನಿಂತರೆ ತಪ್ಪು ಆಧಾರದ್ದು.

ಒಂದು ಚಾನೆಲಿಗೆ ನಿಮಿಷಕ್ಕೆ ಒಂದೂವರೆ ಲೀಟರ್. ಒಟ್ಟು 72 ಲೀಟರ್, ಗಂಟೆಗೆ 4,320. ಮೂರು ಮೀಟರ್ ಎತ್ತರಕ್ಕೆ ಇಷ್ಟು ನೀರು ಕೊಡುವ ಸುಮಾರು 150 ವ್ಯಾಟಿನ ಸಬ್‌ಮರ್ಸಿಬಲ್ ಸಾಕು, ಅರ್ಧ ಎಚ್‌ಪಿಯ ಮನೆ ಮೋಟಾರ್ ಬೇಡ. ಅದು ಬ್ಯಾಟರಿಯನ್ನು ತಿಂದು, ನೀರನ್ನೂ ಬಿಸಿ ಮಾಡುತ್ತದೆ. ಒಂದೇ ಬಗೆಯ ಎರಡು ಪಂಪು ಕೊಂಡು ಒಂದನ್ನು ಪಕ್ಕದಲ್ಲೇ ಸಿದ್ಧವಾಗಿಡಿ. ಪ್ರತಿ ಚಾನೆಲಿಗೆ ಸಣ್ಣ ಮೈಕ್ರೋಟ್ಯೂಬ್ ಎರಡೆರಡು ಕೊಡಿ, ಒಂದು ಕಟ್ಟಿಕೊಂಡರೆ ಇನ್ನೊಂದು ಕಾಪಾಡುತ್ತದೆ. ಪಂಪಿನ ಮುಂದೆ 120 ಮೆಶ್ ಡಿಸ್ಕ್ ಫಿಲ್ಟರ್ ಹಾಕಿ. ಮರಳಿ ಬರುವ ನೀರು ಟ್ಯಾಂಕಿಗೆ ಒಂದಡಿ ಎತ್ತರದಿಂದ ಸುರಿಯಲಿ, ಗಾಳಿ ಬೆರೆಯುತ್ತದೆ. ಟ್ಯಾಂಕ್ 1,500 ಲೀಟರಿನದು, ಬೆಳಕು ಹಾಯದ ಬಣ್ಣದ್ದು, ಮುಚ್ಚಳ ಭದ್ರವಾಗಿರುವುದು.

ನೀರು, ಗೊಬ್ಬರ

ಮೊದಲು ನೀರನ್ನು ಲ್ಯಾಬಿಗೆ ಕೊಡಿ. ಪಿಎಚ್ (ಹುಳಿ-ಕ್ಷಾರದ ಅಳತೆ), ಇಸಿ (ನೀರಿನಲ್ಲಿ ಕರಗಿದ ಲವಣದ ಅಳತೆ, ಇಲ್ಲಿ ಎಲ್ಲ ಕಡೆ ಸೆಂ.ಮೀ.ಗೆ ಮಿಲಿಸೀಮೆನ್ಸ್ ಲೆಕ್ಕ), ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಸೋಡಿಯಂ, ಕ್ಲೋರೈಡ್, ಈ ಆರನ್ನೂ ಕೇಳಿ. ಹಾಸನದ ಕಾರೆಕೆರೆಯ ಕೃಷಿ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಎರಡೂ ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಎಲ್ಲಿ ಮಾಡಿಸಬಹುದೆಂದು ವಿಚಾರಿಸಿದರೆ ದಾರಿ ಸಿಗುತ್ತದೆ. ಮಲೆನಾಡಿನ ಕಡೆಯ ಬಾವಿ ನೀರು ಸಾಮಾನ್ಯವಾಗಿ ಮೆದು. ಕಡೂರು, ಅರಸೀಕೆರೆ ಕಡೆಯ ಬೋರ್‌ವೆಲ್ ನೀರು ಗಡಸು. ಬರಿಯ ನೀರಿನ ಇಸಿ 0.3ರ ಒಳಗಿದ್ದರೆ ನಿಶ್ಚಿಂತೆ. 0.8 ದಾಟಿದರೆ ಮಳೆನೀರು ಬೆರೆಸಲೇಬೇಕು.

ಮಳೆನೀರು ನಿಮ್ಮ ಮಾಡಿನ ಮೇಲೇ ಬೀಳುತ್ತದೆ. 120 ಚದರ ಮೀಟರ್ ಮಾಡಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,200 ಲೀಟರ್. ತುಂಬಿದ ಮನೆ ಬಿಸಿಲಿನ ದಿನ ಕುಡಿಯುವುದು 200 ಲೀಟರಿನ ಆಜುಬಾಜು, ಹಾಗಾಗಿ 5,000 ಲೀಟರಿನ ಒಂದು ಟ್ಯಾಂಕ್ ತುಂಬಿಟ್ಟರೆ 25 ದಿನ. ಮೊದಲ ಹತ್ತು ನಿಮಿಷದ ನೀರು ಹೊರಗೆ ಹೋಗುವಂತೆ ತಿರುವು ಕೊಡಿ. ಬರಿಯ ಮಳೆನೀರನ್ನು ಮಾತ್ರ ಬಳಸಬೇಡಿ. ಅದರಲ್ಲಿ ಬೈಕಾರ್ಬೊನೇಟ್ ಇರುವುದೇ ಇಲ್ಲ ಎನ್ನಬಹುದು, ನಾಲ್ಕು ಹನಿ ಆಮ್ಲಕ್ಕೆ ಪಿಎಚ್ ಆರರಿಂದ ನಾಲ್ಕಕ್ಕೆ ಜಾರುತ್ತದೆ. ಮೂರು ಪಾಲು ಮಳೆನೀರಿಗೆ ಒಂದು ಪಾಲು ಬೋರ್ ನೀರು ಸೇರಿಸಿದರೆ ನೀರಿಗೆ ತಡೆದುಕೊಳ್ಳುವ ಶಕ್ತಿ ಬರುತ್ತದೆ.

ಗೊಬ್ಬರವನ್ನು ಎರಡು ಡ್ರಮ್ಮಿನಲ್ಲಿ ಬೇರೆಬೇರೆ ಕರಗಿಸಬೇಕು. ಕೆಳಗಿನದು ಸಾವಿರ ಲೀಟರ್ ನೀರಿಗೆ ಆಗುವ ಲೆಕ್ಕ, ಎರಡನ್ನೂ ಹತ್ತತ್ತು ಲೀಟರಿನಲ್ಲಿ ಕರಗಿಸಿಡಿ.

ಎ ಡ್ರಮ್: ಕ್ಯಾಲ್ಸಿಯಂ ನೈಟ್ರೇಟ್ 700 ಗ್ರಾಂ, ಶೇ. 11ರ ಡಿಟಿಪಿಎ ಕಬ್ಬಿಣ 20 ಗ್ರಾಂ.

ಬಿ ಡ್ರಮ್: ಪೊಟ್ಯಾಸಿಯಂ ನೈಟ್ರೇಟ್ (13-0-45) 350 ಗ್ರಾಂ, ಮೊನೊ ಪೊಟ್ಯಾಸಿಯಂ ಫಾಸ್ಫೇಟ್ (0-52-34) 180 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 400 ಗ್ರಾಂ, ಬೋರಿಕ್ ಆಮ್ಲ 2 ಗ್ರಾಂ, ಮ್ಯಾಂಗನೀಸ್ ಸಲ್ಫೇಟ್ 2 ಗ್ರಾಂ, ಜಿಂಕ್ ಸಲ್ಫೇಟ್ 1 ಗ್ರಾಂ, ಮೈಲುತುತ್ತ 0.2 ಗ್ರಾಂ, ಸೋಡಿಯಂ ಮಾಲಿಬ್ಡೇಟ್ 0.1 ಗ್ರಾಂ.

ಕೊನೆಯ ಐದನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಲು ಆಗದು. ಹತ್ತು ಪಟ್ಟು ತೂಗಿ ಒಂದು ಲೀಟರ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಪ್ರತಿ ಸಲ ಅದರಿಂದ 100 ಮಿ.ಲೀ. ಅಳೆದು ಬಿ ಡ್ರಮ್ಮಿಗೆ ಹಾಕಿ. ಬಳಸುವಾಗ 100 ಲೀಟರ್ ನೀರಿಗೆ ಎ ಒಂದು ಲೀಟರ್, ಚೆನ್ನಾಗಿ ಕಲಕಿದ ಮೇಲೆ ಬಿ ಒಂದು ಲೀಟರ್. ಇಸಿ ಸುಮಾರು 1.5 ಬರುತ್ತದೆ, ಅದರ ಮೇಲೆ ನಿಮ್ಮ ನೀರಿನದು ಸೇರುತ್ತದೆ. ಎ, ಬಿ ಎರಡನ್ನೂ ನೇರ ಬೆರೆಸಿದರೆ ಕ್ಯಾಲ್ಸಿಯಂ ಸಲ್ಫೇಟ್, ಫಾಸ್ಫೇಟಿನ ಜೊತೆ ಕೂಡಿ ಸುಣ್ಣದಂತೆ ತಳ ಸೇರುತ್ತದೆ. ಒಮ್ಮೆ ಹಾಗೆ ಕೂತದ್ದು ಮತ್ತೆ ಕರಗುವುದಿಲ್ಲ, ಡ್ರಮ್ ಚೆಲ್ಲುವುದೊಂದೇ ದಾರಿ.

ಪಿಎಚ್ 5.8ರಿಂದ 6.2. ಗಿಡ ನೈಟ್ರೇಟ್ ಹೀರಿದಂತೆ ಪಿಎಚ್ ದಿನದಿನಕ್ಕೆ ಏರುವುದು ಸಹಜ, ಗಾಬರಿ ಬೇಡ. ಫಾಸ್ಫಾರಿಕ್ ಆಮ್ಲವನ್ನು ಮೊದಲೇ ಹತ್ತು ಪಟ್ಟು ನೀರಿನಲ್ಲಿ ತೆಳುವಾಗಿಸಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಸೇರಿಸಿ. ತೆಳುಮಾಡುವಾಗ ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ ತಪ್ಪಿಸಬೇಡಿ.

ಇಸಿ ಪೆನ್ ಹೇಳುವುದನ್ನು ಹೀಗೆ ಓದಿ: ಸಂಜೆಗೆ ಇಸಿ ಏರಿದ್ದರೆ ಗಿಡ ಗೊಬ್ಬರಕ್ಕಿಂತ ನೀರನ್ನು ಹೆಚ್ಚು ಕುಡಿದಿದೆ, ಬರಿ ನೀರು ಸೇರಿಸಿ. ಇಳಿದಿದ್ದರೆ ಎ, ಬಿ ಸೇರಿಸಿ. ಬೇಸಿಗೆಯಲ್ಲಿ 1.2ರ ಸುತ್ತ, ಮೋಡದ ದಿನಗಳಲ್ಲಿ 1.6ರಿಂದ 1.8. ಪಿಎಚ್ ಪೆನ್ನನ್ನು ವಾರಕ್ಕೊಮ್ಮೆ 4 ಮತ್ತು 7ರ ದ್ರಾವಣದಲ್ಲಿ ಹೊಂದಿಸಿ. ಅದರ ತುದಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿಟ್ಟರೆ ಹಾಳಾಗುತ್ತದೆ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಡಬೇಕು. ಮೂರು ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ. ಆ ನೀರನ್ನು ಚರಂಡಿಗೆ ಬಿಡಬೇಡಿ. ಕಾಫಿ, ಅಡಿಕೆ, ಬಾಳೆ ಬುಡಕ್ಕೆ ಹಂಚಿ ಹಾಕಿದರೆ ಅದೇ ಗೊಬ್ಬರ.

ನೀರಿನ ಉಷ್ಣತೆ 18ರಿಂದ 22 ಡಿಗ್ರಿ ಇದ್ದರೆ ಬೇರಿಗೆ ಹಿತ. 25 ದಾಟಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಪಿಥಿಯಂ ಬೇರುಕೊಳೆ ತಲೆ ಎತ್ತುತ್ತದೆ. ಜನವರಿಯಲ್ಲಿ 15ಕ್ಕೆ ಇಳಿದರೆ ಬೇರು ರಂಜಕ ಹೀರುವುದು ನಿಧಾನವಾಗಿ ಎಲೆಯ ಅಡಿ ನೇರಳೆ ತಿರುಗುತ್ತದೆ. ಆಗ ಗೊಬ್ಬರ ಹೆಚ್ಚಿಸಬೇಡಿ, ಟ್ಯಾಂಕಿಗೆ ಥರ್ಮೋಕೋಲ್ ಹೊದಿಸಿ. 1,500 ಲೀಟರನ್ನು ನಾಲ್ಕು ಡಿಗ್ರಿ ಏರಿಸಲು ರಾತ್ರಿಗೆ 7 ಯೂನಿಟ್ ಬೇಕು. ಲೆಟ್ಯೂಸಿಗಾಗಿ ಆ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಬೇಸಿಲ್ ಮಾತ್ರ ಈ ಚಳಿಯನ್ನು ಸಹಿಸುವುದಿಲ್ಲ, ಅದನ್ನು ಮಾರ್ಚ್‌ನಿಂದ ಮೇವರೆಗೆ ಬೆಳೆಯಿರಿ.

ಸಸಿ, ಮತ್ತು ಬಲ್ಬು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ

98 ಗುಳಿಯ ಟ್ರೇ, ತೊಳೆದ ಕೋಕೋಪೀಟ್. ಅರಸೀಕೆರೆ, ತಿಪಟೂರು ಪಕ್ಕದಲ್ಲೇ ಇರುವುದರಿಂದ ಪೀಟಿಗೆ ಬರವಿಲ್ಲ, ಆದರೆ ಉಪ್ಪಿನಂಶ ನೋಡಿ ಕೊಳ್ಳಿ. ಹಿಂಡಿದ ನೀರಿನ ಇಸಿ 0.5ಕ್ಕಿಂತ ಕೆಳಗೆ ಬರುವ ತನಕ ತೊಳೆಯಿರಿ. ಲೆಟ್ಯೂಸ್ ಬೀಜಕ್ಕೆ ಬೆಳಕು ಬೇಕು, ಮೇಲೆಯೇ ಇಟ್ಟು ಮೆಲ್ಲಗೆ ಒತ್ತಿದರೆ ಸಾಕು, ಹೂಳಬಾರದು. ಏಪ್ರಿಲ್‌ನಲ್ಲಿ ಟ್ರೇ 27 ಡಿಗ್ರಿ ದಾಟಿದರೆ ಬೀಜ ನಿದ್ದೆಗೆ ಜಾರುತ್ತದೆ. ಮೊದಲ ಎರಡು ದಿನ ಮನೆಯೊಳಗಿನ ತಂಪು ಕೋಣೆಯಲ್ಲಿಟ್ಟು ಮೊಳಕೆ ಬರಿಸಿ, ಆಮೇಲೆ ಹೊರತನ್ನಿ. ಎರಡು ಎಲೆ ಬಂದ ಮೇಲೆ ಇಸಿ 0.7ರ ನೀರು. ಎರಡು ವಾರಕ್ಕೆ ಚಾನೆಲಿಗೆ.

ಮಳೆಗಾಲದ ಬೆಳಕಿನ ಕೊರತೆಯನ್ನು ಎಲ್‌ಇಡಿಯಿಂದ ತುಂಬಬಹುದೇ? ಲೆಟ್ಯೂಸ್ ಚೆನ್ನಾಗಿ ಬೆಳೆಯಲು ಚದರ ಮೀಟರಿಗೆ ದಿನಕ್ಕೆ 12 ಮೋಲಿನಷ್ಟು (ಗಿಡಕ್ಕೆ ದಿನವಿಡೀ ಸಿಗುವ ಒಟ್ಟು ಬೆಳಕಿನ ಅಳತೆ) ಬೆಳಕು ಬೇಕು. ಒಳಗೆ ಸರಾಸರಿ 10,000 ಲಕ್ಸ್ ಇದ್ದು 12 ಗಂಟೆ ಸಿಕ್ಕರೆ ಆಗುವುದು 8 ಮೋಲ್. ಉಳಿದ ನಾಲ್ಕನ್ನು 60 ಚದರ ಮೀಟರ್ ಬೆಳೆಗೆ ಒಳ್ಳೆಯ ಎಲ್‌ಇಡಿಯಿಂದ ಕೊಡಲು ದಿನಕ್ಕೆ ಸುಮಾರು 27 ಯೂನಿಟ್, ತಿಂಗಳಿಗೆ 800 ಯೂನಿಟ್ ಬೇಕು. ಸೊಪ್ಪಿನ ಲಾಭ ಅಲ್ಲಿಗೇ ಹೋಯಿತು. ಆದರೆ ಎರಡು ವಾರದ ಅಷ್ಟೂ ಸಸಿ, ಸುಮಾರು 580, ಆರು ಟ್ರೇಯಲ್ಲಿ ಒಂದು ಚದರ ಮೀಟರಿನೊಳಗೆ ಹಿಡಿಯುತ್ತದೆ. ಅದಕ್ಕೆ ಪೂರ್ತಿ ಬೆಳಕು ಕೊಟ್ಟರೂ ದಿನಕ್ಕೆ ಒಂದು ಯೂನಿಟ್ ಚಿಲ್ಲರೆ. ಹಾಗಾಗಿ ಬಲ್ಬು ಸಸಿಗಷ್ಟೇ. ಗಿಡ್ಡಗೆ, ದಪ್ಪ ಕಾಂಡದ, ನೆಟ್ಟಗೆ ನಿಂತ ಸಸಿ ಜುಲೈಯಲ್ಲಿ ಚಾನೆಲಿಗೆ ಹೋದರೆ ಒಂದು ವಾರ ಗೆದ್ದಂತೆ. ಬೆಳಕಿಲ್ಲದೆ ಉದ್ದಕ್ಕೆ ಎಳೆದುಕೊಂಡ ಸಸಿ ಮತ್ತೆ ಸರಿಯಾಗುವುದಿಲ್ಲ.

ತೇವ ತರುವ ರೋಗ

ಹಾಸನದ ಆಲೂಗಡ್ಡೆಗೆ ಅಂಗಮಾರಿ ತರುವ ಹವೆ ಯಾವುದೆಂದು ಇಲ್ಲಿನ ರೈತರಿಗೆ ಹೇಳಿಕೊಡಬೇಕಿಲ್ಲ: ತಂಪು, ಮೋಡ, ಎಲೆ ಒಣಗದ ಬೆಳಗು. ಲೆಟ್ಯೂಸಿನ ಬೂಜು ತುಪ್ಪಟ ರೋಗಕ್ಕೂ ಅದೇ ಹವೆ ಸಾಕು. ಎಲೆಯ ಮೇಲೆ ನರಗಳ ನಡುವೆ ಮೂಲೆಮೂಲೆಯಾದ ತಿಳಿಹಳದಿ ಮಚ್ಚೆ, ತಿರುಗಿಸಿದರೆ ಅಡಿಯಲ್ಲಿ ಬಿಳಿ ಬೂಜು. ಕಂಡ ಗಿಡವನ್ನು ಕವರಿನೊಳಗೆ ಹಾಕಿಯೇ ಹೊರತನ್ನಿ, ಕೈಯಲ್ಲಿ ಹಿಡಿದು ಸಾಲಿನ ಉದ್ದಕ್ಕೂ ನಡೆದರೆ ಬೀಜಕಣ ಹರಡುತ್ತದೆ. ವಾರದಲ್ಲಿ ತಿನ್ನುವ ಎಲೆಗೆ ಔಷಧ ಹೊಡೆಯುವುದು ತರವಲ್ಲ. ಆದ್ದರಿಂದ ತಡೆ ಬೀಜದಲ್ಲೇ ಇರಬೇಕು. ಪೊಟ್ಟಣದ ಮೇಲೆ ಬಿಎಲ್ ಎಂಬ ಗುರುತಿನ ಮುಂದೆ ಅಂಕಿಗಳಿದ್ದರೆ ಆ ತಳಿ ರೋಗದ ಅಷ್ಟು ಬಗೆಗಳನ್ನು ತಡೆಯುತ್ತದೆ ಎಂದರ್ಥ. ಮಳೆಗಾಲದ ಬಿತ್ತನೆಗೆ ಅಂಥದ್ದನ್ನೇ ಕೊಳ್ಳಿ.

ಸಂಜೆ ಚಳಿಯೆಂದು ಪರದೆ ಪೂರ್ತಿ ಇಳಿಸುವುದು ತಪ್ಪು. ಗಿಡ ಬಿಟ್ಟ ಆವಿ ಒಳಗೇ ಉಳಿದು ನಸುಕಿನಲ್ಲಿ ಹನಿಯಾಗುತ್ತದೆ. ಪೂರ್ವದ ಪರದೆ ಒಂದಡಿ ತೆರೆದೇ ಇರಲಿ. ಗಿಡಗಳ ಮೇಲೆ ಅಡ್ಡಲಾಗಿ ಗಾಳಿ ಓಡಿಸುವ ನಾಲ್ಕು ಫ್ಯಾನ್ ಹಾಕಿ. ಎಲೆ ಸಣ್ಣಗೆ ಅಲುಗಬೇಕು, ಹೊಯ್ದಾಡಬಾರದು.

ಈ ಫ್ಯಾನ್ ಇನ್ನೊಂದು ತೊಂದರೆಯನ್ನೂ ತಡೆಯುತ್ತದೆ. ಬಲಿತ ಗಿಡದ ನಡುವಿನ ಎಳೆ ಎಲೆಗಳನ್ನು ಬಿಡಿಸಿ ನೋಡಿ: ಅಂಚು ಕಂದಾಗಿ, ಸುಟ್ಟ ಕಾಗದದಂತೆ ಮುರುಟಿದ್ದರೆ ಅದು ತುದಿಸುಡು. ಕ್ಯಾಲ್ಸಿಯಂ ಕೊರತೆ ಹೌದು, ಆದರೆ ಟ್ಯಾಂಕಿನಲ್ಲಿ ಅಲ್ಲ. ಕ್ಯಾಲ್ಸಿಯಂ ಗಿಡದೊಳಗೆ ಏರುವುದು ಎಲೆ ಬೆವರುವ ನೀರಿನ ಜೊತೆ. ನಡುವಿನ ಎಲೆಯ ಸುತ್ತ ಗಾಳಿ ನಿಂತು ತೇವ ತುಂಬಿದರೆ ಅದು ಬೆವರುವುದಿಲ್ಲ, ಕ್ಯಾಲ್ಸಿಯಂ ಅಲ್ಲಿಗೆ ಮುಟ್ಟುವುದಿಲ್ಲ. ಎ ಡ್ರಮ್ಮಿನಿಂದ ಇನ್ನಷ್ಟು ಸುರಿದವರು ಇಸಿ ಏರಿಸಿಕೊಂಡು ಕೆಡಿಸಿಕೊಂಡದ್ದೇ ಬಂತು. ಮಳೆ ಬಿಟ್ಟು ಹೊಳವಾಗಿ ಒಮ್ಮೆಗೇ ಬಿಸಿಲು ಚುರ್ರೆಂದಾಗ ಇದು ಹೆಚ್ಚು. ಆ ಎರಡು ದಿನ ನೆರಳುಬಲೆ ಎಳೆಯಿರಿ.

ವಾರಕ್ಕೊಮ್ಮೆ ಪ್ರತಿ ಮೇಜಿನಿಂದ ಒಂದು ಗಿಡವನ್ನು ಮೆಲ್ಲಗೆ ಎತ್ತಿ ಬೇರು ನೋಡಿ. ಆರೋಗ್ಯದ ಬೇರು ಕೆನೆಬಿಳಿ, ಮುಟ್ಟಿದರೆ ಗರಿಗರಿ, ವಾಸನೆ ಮಣ್ಣಿನದೂ ಅಲ್ಲ, ಕೊಳಕೂ ಅಲ್ಲ. ಕಂದಾಗಿ, ಲೋಳೆಯಾಗಿ, ಎರಡು ಬೆರಳಿನಲ್ಲಿ ಎಳೆದಾಗ ಸಿಪ್ಪೆ ಕಳಚಿ ಒಳಗಿನ ನೂಲೆಳೆ ಮಾತ್ರ ಉಳಿದರೆ ಪಿಥಿಯಂ. ಆ ಸಾಲನ್ನು ಖಾಲಿ ಮಾಡಿ, ಹತ್ತು ಲೀಟರ್ ನೀರಿಗೆ 5 ಗ್ರಾಂ ಬ್ಲೀಚಿಂಗ್ ಪೌಡರ್ ಬೆರೆಸಿದ ತಿಳಿನೀರನ್ನು ಅರ್ಧ ಗಂಟೆ ನಿಲ್ಲಿಸಿ, ಎರಡು ಸಲ ತೊಳೆದು, ಒಣಗಿಸಿ ನೆಡಿ. ಬಸವನಹುಳು ಮಳೆಗಾಲದಲ್ಲಿ ಮೇಜಿನ ಕಾಲು ಹಿಡಿದು ಹತ್ತುತ್ತದೆ. ಕಾಲುಗಳಿಗೆ ತಾಮ್ರದ ಪಟ್ಟಿ ಸುತ್ತಿ, ಸಂಜೆ ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ.

ಕರೆಂಟ್ ಹೋದಾಗ

ಎನ್‌ಎಫ್‌ಟಿಯ ದೊಡ್ಡ ದೌರ್ಬಲ್ಯ ಇದೇ. ಬೇಸಿಗೆಯ ಮಧ್ಯಾಹ್ನ ಪಂಪು ನಿಂತರೆ ಒಂದೆರಡು ಗಂಟೆಯಲ್ಲಿ ಗಿಡ ಬಾಡುತ್ತದೆ. ಮೋಡದ ದಿನ ತುಸು ಹೆಚ್ಚು ತಡೆಯುತ್ತದೆ, ಆದರೆ ಮಲೆನಾಡಿನಲ್ಲಿ ಮರ ಬಿದ್ದು ತಂತಿ ಕಡಿದರೆ ಲೈನ್‌ಮ್ಯಾನ್ ಬರುವುದು ಮಳೆ ನಿಂತ ಮೇಲೆ. 150 ಆಂಪಿಯರ್ ಅವರಿನ 12 ವೋಲ್ಟ್ ಬ್ಯಾಟರಿ 150 ವ್ಯಾಟಿನ ಪಂಪನ್ನು ಆರು ಗಂಟೆ ನಿರಾಳವಾಗಿ ಓಡಿಸುತ್ತದೆ. ಹಗಲು 15 ನಿಮಿಷ ಓಟ, 15 ನಿಮಿಷ ಬಿಡುವು, ರಾತ್ರಿ 15 ಓಟ, 45 ಬಿಡುವು ಎಂದು ಟೈಮರ್ ಇಟ್ಟರೆ ಅದೇ ಬ್ಯಾಟರಿ ಒಂದು ಹಗಲನ್ನೋ ಒಂದು ರಾತ್ರಿಯನ್ನೋ ದಾಟಿಸುತ್ತದೆ. ಅದಕ್ಕೂ ಮೀರಿದ್ದಕ್ಕೆ ಸಣ್ಣ ಜನರೇಟರ್. ಪಂಪಿನ ನೀರು ನಿಂತರೆ ಮೊಬೈಲಿಗೆ ಕರೆ ಬರುವ ಅಲಾರಂ ಹಾಕಿಸಿ, ಕರೆಂಟ್ ಇದ್ದೂ ಪಂಪು ಸುಟ್ಟಿರುವ ಸಂದರ್ಭವೂ ಇರುತ್ತದೆ. ಸಂಪರ್ಕ ಪಡೆಯುವಾಗ ಹಾಸನದವರು ಸೆಸ್ಕ್‌ನಲ್ಲಿ, ಚಿಕ್ಕಮಗಳೂರಿನವರು ಮೆಸ್ಕಾಂನಲ್ಲಿ ಯಾವ ದರಪಟ್ಟಿಗೆ ಬರುತ್ತದೆಂದು ಬರೆದುಕೊಟ್ಟು ಕೇಳಿ.

ಮಾರಾಟ

ಐದು ವಾರ ಚಾನೆಲಿನಲ್ಲಿರುವ ಬೆಳೆಗೆ 1,440 ಗಿಡ ಎಂದರೆ ವಾರಕ್ಕೆ 288 ಕೊಯ್ಲು. ನೂರಕ್ಕೆ ಹದಿನೈದು ಹೋದರೂ 245 ಮಾರಬಹುದು. ಒಂದು 150 ಗ್ರಾಂ ತೂಗಿದರೆ ಸುಮಾರು 37 ಕೆ.ಜಿ. ಮಳೆಗಾಲದಲ್ಲಿ ಅದೇ ಬೆಳೆಗೆ ಏಳು ವಾರ ಹಿಡಿಯುತ್ತದೆ. ವಾರಕ್ಕೆ 205 ಕೊಯ್ಲು, ನೂರಕ್ಕೆ ಇಪ್ಪತ್ತು ನಷ್ಟ, ಉಳಿದ 164 ಗಿಡ 110 ಗ್ರಾಂನಂತೆ 18 ಕೆ.ಜಿ. ಅಂದರೆ ಅರ್ಧ. ಖರ್ಚು ಮಾತ್ರ ಅರ್ಧವಾಗುವುದಿಲ್ಲ. ಉದಾಹರಣೆಗೆ ನಿಮ್ಮ ತಿಂಗಳ ಖರ್ಚು 35,000 ರೂಪಾಯಿ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಗಿಡವೊಂದಕ್ಕೆ 33 ರೂಪಾಯಿ ಬಿದ್ದದ್ದು ಜುಲೈಯಲ್ಲಿ 50 ಆಗುತ್ತದೆ. ಹೋಟೆಲಿಗೆ ವರ್ಷವಿಡೀ ಕೊಡುತ್ತೇನೆಂದು ಮಾತು ಕೊಡುವುದಾದರೆ ವಾರಕ್ಕೆ 18 ಕೆ.ಜಿ.ಗೆ ಕೊಡಿ, ಬೆಲೆಯನ್ನೂ ಅದರ ಮೇಲೇ ಕಟ್ಟಿ. ಮಿಕ್ಕ ತಿಂಗಳುಗಳ ಹೆಚ್ಚಿನ ಮಾಲಿಗೆ ಬೇರೆ ಗಿರಾಕಿ ಹುಡುಕುವುದು ಸುಲಭ, ಮಾತು ತಪ್ಪಿ ಕಳೆದುಕೊಂಡ ಅಡುಗೆಮನೆಯನ್ನು ಮತ್ತೆ ಗಳಿಸುವುದು ಕಷ್ಟ. ಈ ಅಳತೆಯಲ್ಲಿ ಸಂಬಳದ ಆಳು ಇಟ್ಟರೆ ಗಿಟ್ಟುವುದಿಲ್ಲ, ಮನೆಯವರೇ ಕೈ ಹಾಕಬೇಕು.

ಪಾಲಕ್, ದಂಟು, ಮೆಂತ್ಯೆಯನ್ನು ಈ ಮನೆಯಲ್ಲಿ ಬೆಳೆಯಬೇಡಿ. ಮಣ್ಣಿನ ಸೊಪ್ಪಿನ ಕಟ್ಟು ಸಂತೆಯಲ್ಲಿ ಮಾರುವ ಬೆಲೆಗೆ ನಿಮಗೆ ಗೊಬ್ಬರವೂ ಹುಟ್ಟದು. ಗಿರಾಕಿಗಳು ರೆಸಾರ್ಟು, ಹೋಂಸ್ಟೇ, ಕೆಫೆಗಳು. ಚಿಕ್ಕಮಗಳೂರಿನ ಸುತ್ತ ಇವು ತುಂಬುವುದು ಶುಕ್ರವಾರ ಸಂಜೆ, ಹಾಗಾಗಿ ಕೊಯ್ಲು ಗುರುವಾರ, ಶುಕ್ರವಾರದ ನಸುಕಿಗೆ. ಹಾಸನದವರಿಗೆ ಸಕಲೇಶಪುರದ ಕಡೆಯ ರೆಸಾರ್ಟುಗಳಿವೆ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಬೇಲೂರು, ಹಳೇಬೀಡಿನ ದಾರಿಯ ಹೋಟೆಲುಗಳೂ ಇವೆ. ಮಾಲೀಕರ ಬದಲು ಅಡುಗೆಯವರನ್ನು ಮಾತಾಡಿಸಿ: ವಾರಕ್ಕೆ ಎಷ್ಟು, ಯಾವ ಎಲೆ, ಈಗ ಬರುವುದರಲ್ಲಿ ಎಷ್ಟು ಕೊಳೆತು ಎಸೆಯುತ್ತೀರಿ? ದೂರದಿಂದ ಬಂದ ಸೊಪ್ಪಿನಲ್ಲಿ ಎಸೆಯುವ ಪಾಲನ್ನು ಲೆಕ್ಕ ಹಿಡಿದರೆ ನಿಮ್ಮ ಬೆಲೆ ಅವರಿಗೆ ದುಬಾರಿ ಅನಿಸುವುದಿಲ್ಲ.

ಬೇರಿನ ಸಮೇತ ಕೊಟ್ಟ ಗಿಡ ಅವರ ಫ್ರಿಜ್ಜಿನಲ್ಲಿ ಹೆಚ್ಚು ದಿನ ಬಾಳುತ್ತದೆ. ಕೊಯ್ದದ್ದನ್ನು ಬಾಳೆಹಣ್ಣು, ಮಾವು, ಟೊಮ್ಯಾಟೊ ಜೊತೆ ಇಡದಂತೆ ತಿಳಿಸಿ, ಹಣ್ಣು ಬಿಡುವ ಎಥಿಲೀನಿಗೆ ಎಲೆಯ ದಂಟಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ತೊಳೆದು, ಕತ್ತರಿಸಿ, ಲೇಬಲ್ ಅಂಟಿಸಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಹಣ ವಾರಕ್ಕೊಮ್ಮೆ ಎಂದು ಮೊದಲ ದಿನವೇ ಮಾತಾಡಿ. ಸಬ್ಸಿಡಿಯ ಆಸೆಯಿದ್ದರೆ ಕಟ್ಟುವ ಮೊದಲೇ ತೋಟಗಾರಿಕೆ ಇಲಾಖೆಯ ತಾಲೂಕು ಕಚೇರಿಗೆ ಹೋಗಿ. ಮಂಜೂರಾತಿಗೆ ಮುಂಚೆ ಕಂಬ ನೆಟ್ಟವರಿಗೆ ಸಿಗುವುದು ಕಷ್ಟ.

ಕಟ್ಟುವ ಕೆಲಸ ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರ್‌ನಲ್ಲಿ ಹಿಡಿಯಿರಿ. ಡಿಸೆಂಬರ್ ಕೊನೆಯ ಪ್ರವಾಸಿಗರ ಸಂತೆ ಮೊದಲ ವರ್ಷ ತಪ್ಪಿದರೆ ತಪ್ಪಲಿ. ಜನವರಿಯಲ್ಲಿ ಎರಡು ಮೇಜು ಮಾತ್ರ ನೆಟ್ಟು, ಫೆಬ್ರವರಿಗೆ ನಾಲ್ಕು, ಮಾರ್ಚ್‌ಗೆ ಎಂಟು ಮಾಡಿದರೆ ಆರಿದ್ರಾ ಬರುವ ಹೊತ್ತಿಗೆ ಕೈಗೆ ಮೂರು ಬೆಳೆಯ ಅಭ್ಯಾಸ ಆಗಿರುತ್ತದೆ. ಜೂನ್ ಮೊದಲ ವಾರದಿಂದ ತೂತು ಬಿಟ್ಟು ತೂತಿಗೆ ನೆಡಿ. ವಾರಕ್ಕೆ 18 ಕೆ.ಜಿ. ಎಂಬ ಮೇಲಿನ ಲೆಕ್ಕ ಎಲ್ಲ ತೂತೂ ತುಂಬಿದಾಗಿನದು, ಹೀಗೆ ನೆಡುವುದಾದರೆ ಹೋಟೆಲಿಗೆ ಕೊಡುವ ಮಾತನ್ನೂ ಅದಕ್ಕೆ ತಕ್ಕಂತೆ ಇಳಿಸಿ. ಗಿಡ ಅರ್ಧ ಆದರೂ ಪ್ರತಿಯೊಂದಕ್ಕೂ ಬೆಳಕು, ಗಾಳಿ ಹೆಚ್ಚು ಸಿಕ್ಕಿ ತೂಕ ಬರುತ್ತದೆ, ರೋಗ ಒಂದರಿಂದ ಒಂದಕ್ಕೆ ಸುಲಭವಾಗಿ ದಾಟುವುದಿಲ್ಲ. ಖಾಲಿ ಬಿಟ್ಟ ತೂತುಗಳಿಗೆ ಮುಚ್ಚಳ ಹಾಕಲು ಮರೆಯಬೇಡಿ, ಬೆಳಕು ಬಿದ್ದ ನೀರಿನಲ್ಲಿ ಒಂದೇ ವಾರಕ್ಕೆ ಪಾಚಿ ಹಸಿರಾಗುತ್ತದೆ.